ಡಾರ್ಟ್‌ಮೂರ್‌ನಲ್ಲಿ ಲೆಟರ್‌ಬಾಕ್ಸಿಂಗ್: ಮಕ್ಕಳು, ಹಿರಿಯರೊಂದಿಗೆ ಒಂದು ದಿನದಲ್ಲಿ ಎಷ್ಟು ಸಾಧ್ಯ?

ಪ್ರಶ್ನೆ: ಹೊಸನಡಿಗೆ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಒಂದು ಶನಿವಾರ ಮನೆಮಂದಿಯೆಲ್ಲ ಇಂಗ್ಲೆಂಡಿನ ಡೆವನ್‌ನಲ್ಲಿರುವ ಬಂಡೆಗುಡ್ಡಗಳ ಬಯಲಾದ ಡಾರ್ಟ್‌ಮೂರ್‌ಗೆ ಹೋಗಿ ಲೆಟರ್‌ಬಾಕ್ಸಿಂಗ್ ಮಾಡಬೇಕೆಂದುಕೊಂಡಿದ್ದೇವೆ. ಬಂಡೆಗಳ ಸಂದಿಯಲ್ಲಿ ಅಡಗಿಸಿಟ್ಟ ಪುಟ್ಟ ಪೆಟ್ಟಿಗೆಯನ್ನು ಸುಳಿವಿನ ಜಾಡು ಹಿಡಿದು ಹುಡುಕುವುದು, ಅದರೊಳಗಿನ ಮೊಹರನ್ನು ನಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳುವುದು, ನಮ್ಮ ಮೊಹರನ್ನು ಅಲ್ಲಿರುವ ಪುಸ್ತಕದಲ್ಲಿ ಒತ್ತಿ ಪೆಟ್ಟಿಗೆಯನ್ನು ಮೊದಲಿನಂತೆಯೇ ಅಡಗಿಸಿಡುವುದು, ಆಟದ ಸ್ವರೂಪ ಇಷ್ಟು ಎಂದು ತಿಳಿದಿದೆ. ಆದರೆ ನಮ್ಮಲ್ಲಿ ಯಾರೂ ಇದುವರೆಗೆ ಒಂದು ಪೆಟ್ಟಿಗೆಯನ್ನೂ ಕಣ್ಣಾರೆ ಕಂಡವರಲ್ಲ.

ನಾನು, ನನ್ನ ಪತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ ಮತ್ತು ಅತ್ತೆಯವರು ಹೋಗುತ್ತಿದ್ದೇವೆ. ಅತ್ತೆಯವರು ಸಮತಟ್ಟಾದ ದಾರಿಯಲ್ಲಿ ನನಗಿಂತ ಚುರುಕಾಗಿ ನಡೆಯುತ್ತಾರೆ. ಏರು ಬಂದರೆ ಮೊಣಕಾಲು ತೊಂದರೆ ಕೊಡುತ್ತದೆ. ಈ ಹವ್ಯಾಸ ಆರಂಭವಾದದ್ದೇ ಆ ಬಯಲಿನ ಕ್ರ್ಯಾನ್‌ಮಿಯರ್ ಪೂಲ್ ಎಂಬ ಜಾಗದಲ್ಲಿ ಎಂದು ಓದಿದ ಮಗಳು ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಅದು ಮಕ್ಕಳೊಂದಿಗೆ ಸಾಧ್ಯವೇ? ಇಲ್ಲವಾದರೆ ಎಲ್ಲಿಗೆ ಹೋಗಬಹುದು, ಒಂದು ದಿನಕ್ಕೆ ಎಷ್ಟು ಪೆಟ್ಟಿಗೆಗಳ ಗುರಿ ಇಟ್ಟುಕೊಳ್ಳಬೇಕು, ಹೊಸಬರಿಗೆ ಸುಳಿವುಗಳು ಎಲ್ಲಿ ಸಿಗುತ್ತವೆ, ಫೋನ್ ಇದ್ದರೂ ದಿಕ್ಸೂಚಿ ಬೇಕೇ, ಮೊಹರನ್ನು ಕೊಳ್ಳಬೇಕೇ ಅಥವಾ ಮನೆಯಲ್ಲೇ ಮಾಡಬಹುದೇ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಂಜುಹಾದಿ

ನಿಮ್ಮ ಮಗಳ ಹಟಕ್ಕೆ ಇತಿಹಾಸದ ಬೆಂಬಲವೇನೋ ಇದೆ. ಚಾಗ್‌ಫರ್ಡ್ ಊರಿನ ಮಾರ್ಗದರ್ಶಿ ಜೇಮ್ಸ್ ಪೆರಟ್ 1854ರಲ್ಲಿ ಕ್ರ್ಯಾನ್‌ಮಿಯರ್ ಪೂಲ್‌ನಲ್ಲಿ ಒಂದು ಬಾಟಲಿಯನ್ನು ಇರಿಸಿ, ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುವಂತೆ ಮಾಡಿದರು. ಮುಂದೆ ಬಾಟಲಿಯ ಜಾಗಕ್ಕೆ ತಗಡಿನ ಪೆಟ್ಟಿಗೆ ಬಂತು, ಸಂದರ್ಶಕರ ಪುಸ್ತಕ ಬಂತು. ನಡೆದು ಬಂದವರು ತಮ್ಮದೇ ವಿಳಾಸ ಬರೆದ ಅಂಚೆ ಕಾರ್ಡನ್ನು ಅಲ್ಲಿ ಬಿಟ್ಟು ಹೋಗುವುದು, ಅವರ ನಂತರ ಬಂದವರು ಅದನ್ನು ಒಯ್ದು ಅಂಚೆಗೆ ಹಾಕುವುದು ರೂಢಿಯಾಯಿತು. ಲೆಟರ್‌ಬಾಕ್ಸ್ ಎಂಬ ಹೆಸರು ನಿಂತದ್ದು ಹಾಗೆ. ಈಗ ಅಲ್ಲಿ ಇರುವುದು 1937ರಲ್ಲಿ ಕಟ್ಟಿಸಿದ ಕಲ್ಲಿನ ಗೂಡು.

ಇಷ್ಟಾದರೂ ಆರು ವರ್ಷದ ಮಗುವನ್ನು ಕರೆದುಕೊಂಡು ಮೊದಲ ಸಲವೇ ಅಲ್ಲಿಗೆ ಹೋಗಬೇಡಿ ಎಂದೇ ನನ್ನ ಸಲಹೆ. ಹೆಸರಿನಲ್ಲಿ ಕೊಳ ಎಂದಿದ್ದರೂ ಅಲ್ಲಿ ಕೊಳವಿಲ್ಲ. ನೀರು ಬಸಿದು ಹೋಗಿ ಉಳಿದ ಕಪ್ಪು ಪೀಟ್ ಮಣ್ಣಿನ ತಗ್ಗು ಮಾತ್ರ ಇದೆ. ಯಾವ ಕಡೆಯಿಂದ ಹೊರಟರೂ ಹಲವು ಕಿಲೋಮೀಟರ್ ನಡೆಯಬೇಕು, ಕೊನೆಯ ಭಾಗದಲ್ಲಿ ಹುದುಲು ನೆಲವನ್ನು ದಾಟಬೇಕು, ಮತ್ತು ಅಷ್ಟೆಲ್ಲ ನಡೆದ ಮೇಲೆ ಸಿಗುವುದು ಒಂದೇ ಒಂದು ಮೊಹರು. ಸಾಲದ್ದಕ್ಕೆ ಅದು ಓಕ್‌ಹ್ಯಾಂಪ್ಟನ್ ಸೇನಾ ವಲಯದ ಒಳಗಿದೆ. ಬಯಲಿನ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ಓಕ್‌ಹ್ಯಾಂಪ್ಟನ್, ಮೆರಿವೇಲ್, ವಿಲ್ಸ್‌ವರ್ದಿ ಎಂಬ ಮೂರು ಗುಂಡಿನಭ್ಯಾಸದ ವಲಯಗಳಿದ್ದು, ಅಭ್ಯಾಸ ನಡೆಯುವ ಹಗಲಿನಲ್ಲಿ ಗಡಿಯ ಎತ್ತರದ ಜಾಗಗಳಲ್ಲಿ ಕೆಂಪು ಬಾವುಟ ಹಾರಿಸುತ್ತಾರೆ. ಅಭ್ಯಾಸದ ವೇಳಾಪಟ್ಟಿ ಮುಂಚಿತವಾಗಿಯೇ ಪ್ರಕಟವಾಗುತ್ತದೆ. ಅಭ್ಯಾಸವಿಲ್ಲದ ದಿನವೂ ಅಲ್ಲಿ ನೆಲದ ಮೇಲೆ ಕಾಣುವ ಲೋಹದ ವಸ್ತುವನ್ನು ಮುಟ್ಟಬಾರದು, ಮತ್ತು ಕಂಡ ಕಂಡ ಸಂದಿಗೆ ಕೈಹಾಕುವುದೇ ಆಟವಾಗಿರುವ ದಿನ ಆರು ವರ್ಷದ ಹುಡುಗನಿಗೆ ಈ ನಿಯಮವನ್ನು ಪಾಲಿಸಲು ಹೇಳುವುದು ಸುಲಭವಲ್ಲ.

ಬಯಲಿನ ಪೂರ್ವದ ಅಂಚಿನಲ್ಲಿರುವ ಹೇಟಾರ್ ಎಂಬ ಬಂಡೆಗುಡ್ಡದ ಸುತ್ತಮುತ್ತಲಿನ ಸುಳಿವುಗಳನ್ನು ಆರಿಸಿಕೊಳ್ಳಿ. ಅದು ಗುಂಡಿನಭ್ಯಾಸದ ವಲಯಗಳಿಂದ ದೂರವಿದೆ, ಕಾರು ನಿಲ್ಲಿಸುವ ಜಾಗ ರಸ್ತೆಯ ಪಕ್ಕದಲ್ಲೇ ಇದೆ, ಮತ್ತು 457 ಮೀಟರ್ ಎತ್ತರದ ಆ ಜೋಡಿ ಬಂಡೆ ಎಲ್ಲಿಂದ ನೋಡಿದರೂ ಗುರುತು ಸಿಗುವುದರಿಂದ ದಿಕ್ಕು ತಪ್ಪುವ ಭಯ ಕಡಿಮೆ. ಬಂಡೆಯ ಉತ್ತರಕ್ಕೆ ಹಳೆಯ ಕ್ವಾರಿಗಳಿವೆ. ಅಲ್ಲಿನ ಕಲ್ಲನ್ನು ಕೆಳಗಿನ ಕಾಲುವೆಗೆ ಸಾಗಿಸಲು 1820ರಲ್ಲಿ ತೆರೆದ ಟ್ರಾಮ್ ದಾರಿಯ ಹಳಿಗಳನ್ನು ಕಬ್ಬಿಣದಲ್ಲಿ ಅಲ್ಲ, ಗ್ರಾನೈಟ್ ಕಲ್ಲಿನಲ್ಲೇ ಕಡೆದಿದ್ದಾರೆ. ಆ ಕಲ್ಲಿನ ಹಳಿ ಹಿಡಿದು ನಡೆಯುವುದು ಮಕ್ಕಳಿಗೆ ಪೆಟ್ಟಿಗೆಯಷ್ಟೇ ಇಷ್ಟವಾಗಬಹುದು.

ಎಷ್ಟು ಪೆಟ್ಟಿಗೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಪ್ರತಿ 100 ಮೀಟರ್ ಏರಿಗೆ ಹೆಚ್ಚುವರಿ 10 ನಿಮಿಷ. ಹಾಗಾದರೆ 6 ಕಿಲೋಮೀಟರ್ ದೂರ ಮತ್ತು 150 ಮೀಟರ್ ಏರಿಗೆ ಒಂದೂವರೆ ಗಂಟೆ ಸಾಕು. ಚಿಕ್ಕ ಮಕ್ಕಳಿದ್ದರೆ ಅದನ್ನು ನೇರವಾಗಿ ಇಮ್ಮಡಿ ಮಾಡಿಕೊಳ್ಳಿ. ಒಂದೊಂದು ಪೆಟ್ಟಿಗೆಯ ಹುಡುಕಾಟ, ಮೊಹರು, ಬರವಣಿಗೆ ಎಲ್ಲ ಸೇರಿ 20 ನಿಮಿಷವೆಂದರೂ ಐದು ಪೆಟ್ಟಿಗೆಗೆ 100 ನಿಮಿಷ ಬೇಕು. ಊಟ, ವಿಶ್ರಾಂತಿ ಸೇರಿದರೆ ದಿನ ತುಂಬಿತು. ಐದು ಸುಳಿವು ಒಯ್ದು ಮೂರು ಸಿಕ್ಕರೆ ಅದು ಒಳ್ಳೆಯ ದಿನ.

ಉತ್ತರ: ಸೂಜಿಗಲ್ಲು

ದಿಕ್ಸೂಚಿ ಬೇಕೇ ಬೇಕು, ಏಕೆಂದರೆ ಡಾರ್ಟ್‌ಮೂರ್‌ನ ಸುಳಿವುಗಳ ಭಾಷೆಯೇ ಅದು. ಮಾದರಿಗೆ ಇಂಥ ಒಂದು ಸುಳಿವನ್ನು ಊಹಿಸಿಕೊಳ್ಳಿ: ಒಂದು ಬಂಡೆಗುಡ್ಡದ ತುದಿ 140 ಡಿಗ್ರಿ, ಒಂಟಿ ಮರ 255 ಡಿಗ್ರಿ, ಚಪ್ಪಟೆ ಕಲ್ಲಿನಿಂದ 12 ಹೆಜ್ಜೆ, ತೊಲೆಯಂತಹ ಕಲ್ಲಿನ ಅಡಿಯಲ್ಲಿ. ಪೆಟ್ಟಿಗೆಯ ಬಳಿ ನಿಂತು ನೋಡಿದಾಗ ಆ ಗುರುತುಗಳು ಯಾವ ಕೋನದಲ್ಲಿ ಕಾಣುತ್ತವೆ ಎಂಬುದಷ್ಟೇ ಇದರಲ್ಲಿದೆ. ಹೊಸಬರು ನೇರವಾಗಿ ಗುಡ್ಡಕ್ಕೆ ಹೋಗಿ ಸೂಜಿ ತಿರುಗಿಸುತ್ತ ನಿಲ್ಲುತ್ತಾರೆ. ಅದರ ಬದಲು ಹಿಂದಿನ ಸಂಜೆಯೇ ಊಟದ ಮೇಜಿನ ಮೇಲೆ 1:25,000 ಅಳತೆಯ ನಕ್ಷೆಯನ್ನು ಹರಡಿ, ಕೋನಗಳನ್ನು ತಿರುವು ಹಾಕಿ, ಅಂದರೆ ಗುರುತಿನಿಂದ ಪೆಟ್ಟಿಗೆಯ ಕಡೆಗಿನ ಕೋನವಾಗಿ ಬದಲಿಸಿ. 140ಕ್ಕೆ 180 ಕೂಡಿಸಿದರೆ 320. 255ರಿಂದ 180 ಕಳೆದರೆ 75. ಗುಡ್ಡದ ತುದಿಯಿಂದ 320 ಡಿಗ್ರಿಯ ಗೆರೆಯನ್ನೂ ಮರದಿಂದ 75 ಡಿಗ್ರಿಯ ಗೆರೆಯನ್ನೂ (ಮರ ನಕ್ಷೆಯಲ್ಲಿ ಇಲ್ಲದಿದ್ದರೆ ಸುಳಿವಿನ ಇನ್ನೊಂದು ಗುರುತಿನಿಂದ ಅದರ ತಿರುವು ಗೆರೆಯನ್ನು) ಎಳೆದರೆ ಅವು ಸಂಧಿಸುವಲ್ಲಿ ಹುಡುಕಾಟದ ಜಾಗ ಸಿಗುತ್ತದೆ. ಹತ್ತು ವರ್ಷದ ಮಗಳಿಗೆ ಈ ಕೂಡುವ ಕಳೆಯುವ ಲೆಕ್ಕ ಕಷ್ಟವಲ್ಲ, ಅವಳಿಂದಲೇ ಮಾಡಿಸಿ. ಸುಳಿವಿನಲ್ಲಿ ನಕ್ಷೆಯ ಅಂಕಿಗಳಿದ್ದರೆ, ಆರು ಅಂಕಿಗಳು 100 ಮೀಟರ್ ಚೌಕವನ್ನೂ ಎಂಟು ಅಂಕಿಗಳು 10 ಮೀಟರ್ ಚೌಕವನ್ನೂ ತೋರಿಸುತ್ತವೆ ಎಂಬುದು ನೆನಪಿರಲಿ.

ಸುಳಿವು ಯಾವ ಕಾಲದ್ದು ಎಂದು ಕೇಳಿಕೊಳ್ಳುವುದು ಬಹಳ ಮುಖ್ಯ, ಮತ್ತು ಇದನ್ನು ಬಹುತೇಕರು ಕಡೆಗಣಿಸುತ್ತಾರೆ. ದಿಕ್ಸೂಚಿಯ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ನಾಲ್ಕು ದಶಕಗಳ ಹಿಂದೆ ಆ ಪ್ರದೇಶದಲ್ಲಿ ನಕ್ಷೆಯ ಉತ್ತರಕ್ಕೂ ಸೂಜಿಯ ಉತ್ತರಕ್ಕೂ ಹಲವು ಡಿಗ್ರಿಗಳ ಅಂತರವಿತ್ತು. ಈಗ ಅದು ಕುಟುಂಬದ ನಡಿಗೆಗೆ ಲೆಕ್ಕಕ್ಕೆ ಬಾರದಷ್ಟು ಕಿರಿದಾಗಿದೆ. ಹಳೆಯ ಸುಳಿವಿನ ಸೂಜಿಯ ಕೋನವನ್ನು ಹಾಗೆಯೇ ಬಳಸಿದಾಗ 5 ಡಿಗ್ರಿ ವ್ಯತ್ಯಾಸ ಬಂದಿತೆನ್ನಿ, ಒಂದು ಕಿಲೋಮೀಟರ್ ದೂರದ ಗುರುತಿಗೆ ಅದು ಸುಮಾರು 87 ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಬಂಡೆಗಳೇ ತುಂಬಿರುವ ಇಳಿಜಾರಿನಲ್ಲಿ 87 ಮೀಟರ್ ಎಂದರೆ ಮಧ್ಯಾಹ್ನವೇ ಮುಗಿದಂತೆ. ಆದ್ದರಿಂದ ಮೊದಲ ಸಲ ಇತ್ತೀಚಿನ ಸುಳಿವುಗಳನ್ನೇ ಹಿಡಿಯಿರಿ. ಕೋನ ಅಳೆಯುವಾಗ ಫೋನನ್ನು ದಿಕ್ಸೂಚಿಯಿಂದ ದೂರವಿಡಿ, ಕಾರಿಗೆ ಒರಗಿ ಅಳೆಯಬೇಡಿ. ಹೆಜ್ಜೆಗಳು ಸುಳಿವು ಬರೆದ ದೊಡ್ಡವರ ಹೆಜ್ಜೆಗಳು. ಅವನ್ನು ನಿಮ್ಮ ಪತಿಯವರು ಎಣಿಸಲಿ, ಮಗ ಜೊತೆಗೆ ಗಟ್ಟಿಯಾಗಿ ಎಣಿಸಲಿ.

ಸುಳಿವುಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ್ದೀರಿ. ಡಾರ್ಟ್‌ಮೂರ್‌ನ ಸುಳಿವುಗಳ ದೊಡ್ಡ ಪಟ್ಟಿ ಲೆಟರ್‌ಬಾಕ್ಸಿಂಗ್ ಹವ್ಯಾಸಿಗಳ ಕೂಟವಾದ ಹಂಡ್ರೆಡ್ ಕ್ಲಬ್‌ನವರದು, ಆದರೆ ಅದಕ್ಕೆ ಸೇರಲು ಮೊದಲು 100 ಪೆಟ್ಟಿಗೆಗಳ ಮೊಹರು ನಿಮ್ಮ ಪುಸ್ತಕದಲ್ಲಿರಬೇಕು. ಬಾವಿಗಿಳಿಯಲು ಈಜು ಬರಬೇಕು, ಈಜು ಕಲಿಯಲು ಬಾವಿಗಿಳಿಯಬೇಕು ಎನ್ನುವಂಥ ಈ ಸಮಸ್ಯೆಗೆ ದಾರಿ ಇದೆ. ದತ್ತಿ ಕಾರ್ಯಗಳಿಗೆ ಹಣ ಸಂಗ್ರಹಿಸಲು ಒಂದು ಸುತ್ತಿನ ಉದ್ದಕ್ಕೂ ಪೆಟ್ಟಿಗೆಗಳನ್ನಿಟ್ಟು ಸುಳಿವಿನ ಹಾಳೆಯನ್ನು ಮಾರುತ್ತಾರೆ. ಹೊಸಬರಿಗೆ ಅದರಷ್ಟು ಅನುಕೂಲ ಬೇರೊಂದಿಲ್ಲ.

ಉತ್ತರ: ಹಳೆಇಂಕು

ಮೊಹರನ್ನು ಕೊಳ್ಳಬೇಡಿ, ಮಕ್ಕಳೇ ಮಾಡಲಿ. ಬೇಕಾದದ್ದು ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರು, ಮೆತ್ತನೆಯ ಪೆನ್ಸಿಲ್ ಮತ್ತು ದೊಡ್ಡವರ ಕೈಯಲ್ಲಿ ಒಂದು ಚೂಪಾದ ಚಾಕು. ಚಿತ್ರವನ್ನು ಕಾಗದದ ಮೇಲೆ ಗಾಢವಾಗಿ ಬರೆದು, ಕಾಗದವನ್ನು ಕವುಚಿ ರಬ್ಬರಿನ ಮೇಲೆ ಉಜ್ಜಿದರೆ ಅದು ತಾನಾಗಿಯೇ ತಿರುಗುಮುರುಗಾಗಿ ಮೂಡುತ್ತದೆ. ಹೀಗಾಗಿ ಒತ್ತಿದಾಗ ಅಕ್ಷರಗಳು ನೆಟ್ಟಗೆ ಬರುತ್ತವೆ. ಮಗಳು ಚಿತ್ರ ಬರೆಯಲಿ, ಮಗ ಉಜ್ಜಲಿ, ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ನೀವು ಕೆತ್ತಿ ತೆಗೆಯಿರಿ. ಗೆರೆಯ ಬುಡ ತುದಿಗಿಂತ ಅಗಲವಾಗಿರುವಂತೆ ಚಾಕುವನ್ನು ಹೊರಕ್ಕೆ ಓರೆಯಾಗಿ ಹಿಡಿಯಬೇಕು. ಬುಡ ಸವೆದರೆ ಕೆಲವು ಒತ್ತಿಗೇ ಗೆರೆ ಮುರಿಯುತ್ತದೆ. ಒಂದು ಇಂಕ್ ಪ್ಯಾಡ್, ಗಟ್ಟಿ ಹಾಳೆಯ ಪುಸ್ತಕ, ಮೊಹರು ಒರೆಸಲು ಒಂದಿಷ್ಟು ಕಾಗದ ಚೀಲದಲ್ಲಿರಲಿ.

ಮಕ್ಕಳು ಜಿಯೋಕ್ಯಾಶಿಂಗ್ (ಜಿಪಿಎಸ್ ಹಿಡಿದು ಅಡಗಿಸಿಟ್ಟ ಪೆಟ್ಟಿಗೆ ಹುಡುಕುವ ಆಟ) ಆಡಿದ್ದರೆ ಒಂದು ವಿಷಯವನ್ನು ಮೊದಲೇ ತಿಳಿಹೇಳಿ. 2000ದಲ್ಲಿ ಆರಂಭವಾದ ಆ ಆಟದಲ್ಲಿ ಪೆಟ್ಟಿಗೆಯಿಂದ ಒಂದು ವಸ್ತು ತೆಗೆದುಕೊಂಡು ಇನ್ನೊಂದನ್ನು ಇಡಬಹುದು. ಇಲ್ಲಿ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮೊಹರನ್ನು ಜೇಬಿಗೆ ಹಾಕಿಕೊಂಡರೆ ಆ ಪೆಟ್ಟಿಗೆ ಅಲ್ಲಿಗೆ ಸತ್ತ ಹಾಗೆ.

ಹುಡುಕುವಾಗ ಯಾವ ಜಾಗದಲ್ಲಿ ಪೆಟ್ಟಿಗೆ ಇರಲಾರದು ಎಂಬುದು ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಪ್ರಾಚೀನ ಕಲ್ಲುಸಾಲು, ಕಲ್ಲುಗುಪ್ಪೆ, ಹಳೆಯ ವಸತಿಯ ಅವಶೇಷ, ಗಾರೆಯಿಲ್ಲದೆ ಜೋಡಿಸಿದ ಗೋಡೆ, ಇವುಗಳಲ್ಲಿ ಪೆಟ್ಟಿಗೆ ಇಡಬಾರದೆಂಬ ನಿಯಮವಿದೆ. ನೆಲ ಅಗೆಯುವಂತಿಲ್ಲ, ಸಿಮೆಂಟು ಬಳಸುವಂತಿಲ್ಲ. ಆದ್ದರಿಂದ ಅಲ್ಲೆಲ್ಲ ಕಲ್ಲು ಕದಲಿಸುವ ಅಗತ್ಯವೇ ಬೀಳದು, ಕದಲಿಸಲೂ ಬಾರದು. ಸಾಮಾನ್ಯವಾಗಿ ಸಹಜ ಬಂಡೆಯ ಸಂದಿಯಲ್ಲಿ, ಬೇರೆ ಕಲ್ಲುಗಳಿಗಿಂತ ತುಸು ಅಚ್ಚುಕಟ್ಟಾಗಿ ಕೂತಿರುವ ಒಂದು ಕಲ್ಲಿನ ಹಿಂದೆ ಅದು ಇರುತ್ತದೆ. ಚಿಕ್ಕವರ ಕಣ್ಣಿನ ಎತ್ತರ ಇದಕ್ಕೆ ಹೇಳಿ ಮಾಡಿಸಿದ್ದು, ದೊಡ್ಡವರಿಗಿಂತ ಮುಂಚೆ ಅವರಿಗೇ ಕಾಣುತ್ತದೆ. ಸಂದಿಗೆ ಕೈಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡುವ ಅಭ್ಯಾಸ ಮಾಡಿಸಿ, ಏಕೆಂದರೆ ಬ್ರಿಟನ್ನಿನ ಏಕೈಕ ವಿಷದ ಹಾವಾದ ಆ್ಯಡರ್ ಬಿಸಿಲಿನ ದಿನಗಳಲ್ಲಿ ಇಂಥ ಕಲ್ಲುಗಳ ನಡುವೆ ಇರುತ್ತದೆ. ಉದ್ದ ಪ್ಯಾಂಟು ತೊಡಿಸಿ, ಮನೆಗೆ ಬಂದ ಮೇಲೆ ಮೈಮೇಲೆ ಉಣ್ಣಿ ಹತ್ತಿದೆಯೇ ಎಂದು ನೋಡಿ. ಅಲ್ಲಿನ ಕುದುರೆಗಳು ಹತ್ತಿರ ಬರುತ್ತವೆ, ಆದರೆ ಅವಕ್ಕೆ ತಿನ್ನಲು ಕೊಡುವುದು ನಿಷಿದ್ಧ.

ಹೊಸನಡಿಗೆ

ಮೂವರಿಗೂ ಧನ್ಯವಾದಗಳು. ಹೇಟಾರ್ ಎಂದು ನಿರ್ಧರಿಸಿದ್ದೇವೆ. ಕೋನಗಳ ಲೆಕ್ಕ ತನ್ನದೇ ಎಂದು ಗೊತ್ತಾದ ಮೇಲೆ ಮಗಳು ಕ್ರ್ಯಾನ್‌ಮಿಯರ್ ಅನ್ನು ಮುಂದೂಡಲು ಒಪ್ಪಿದ್ದಾಳೆ. ಇನ್ನೆರಡು ಸಂದೇಹಗಳಿವೆ. ಅತ್ತೆಯವರನ್ನು ಕಾರಿನ ಬಳಿ ಒಬ್ಬರನ್ನೇ ಕೂರಿಸಿ ಹೋಗಲು ನಮಗೆ ಮನಸ್ಸಿಲ್ಲ. ಅವರಿಗೆ ಹೊಂದುವ ದಾರಿ ಯಾವುದು? ಮತ್ತು ನಡುವೆ ಮಂಜು ಕವಿದರೆ ಏನು ಮಾಡಬೇಕು? ಮಗ ತನ್ನದೇ ಒಂದು ಪೆಟ್ಟಿಗೆಯನ್ನು ಅಲ್ಲಿ ಇಟ್ಟು ಬರುತ್ತೇನೆಂದು ಬೇರೆ ಹೇಳುತ್ತಿದ್ದಾನೆ.

ಉತ್ತರ: ಮಂಜುಹಾದಿ

ಬಂಡೆಯ ನೆತ್ತಿಯ ಕಡೆಗೆ ಹೋಗುವ ಬದಲು ಕ್ವಾರಿಗಳ ಕಡೆಗೆ ಹೋಗುವ ದಾರಿ ಹಿಡಿಯಿರಿ, ಅದರ ಏರು ಸೌಮ್ಯವಾಗಿದೆ. ಸುಳಿವುಗಳನ್ನು ಆರಿಸುವಾಗ ಆ ದಾರಿಗೆ ಹತ್ತಿರವಿರುವವನ್ನು ಮೊದಲು ಇಟ್ಟುಕೊಂಡು, ಮೇಲಿನವನ್ನು ಕೊನೆಗೆ ಉಳಿಸಿದರೆ, ಆಗ ಒಬ್ಬರು ಅತ್ತೆಯವರ ಜೊತೆ ಉಳಿದು ಇನ್ನೊಬ್ಬರು ಮಕ್ಕಳನ್ನು ಕರೆದೊಯ್ಯಬಹುದು. ಪುಸ್ತಕ, ಮೊಹರು, ಇಂಕ್ ಪ್ಯಾಡಿನ ಉಸ್ತುವಾರಿ ಅತ್ತೆಯವರದೇ ಆಗಲಿ. ಪೆಟ್ಟಿಗೆಯ ಪುಸ್ತಕದಲ್ಲಿ ಬರೆಯುವಾಗ ಮಕ್ಕಳು ಅವರ ಸುತ್ತಲೇ ಕೂರಬೇಕಾಗುತ್ತದೆ.

ಮಂಜು ಅಲ್ಲಿ ಹೇಳಿ ಕೇಳಿ ಬರುವುದಿಲ್ಲ. ಹೊರಡುವ ಮುನ್ನವೇ ಒಂದು ದಿಕ್ಕನ್ನು ಎಲ್ಲರಿಗೂ ಹೇಳಿಕೊಡಿ: ರಸ್ತೆ ಬಂಡೆಯ ದಕ್ಷಿಣಕ್ಕಿದೆ, ಕ್ವಾರಿಗಳ ಕಡೆಯಿಂದ ನಡೆದರೂ ದಕ್ಷಿಣಕ್ಕೆ ಬಂದರೆ ಅದೇ ರಸ್ತೆ ಅಡ್ಡ ಸಿಗುತ್ತದೆ. ಕ್ವಾರಿಯ ಅಂಚುಗಳು ಕಡಿದಾಗಿರುವುದರಿಂದ ಮಂಜಿನಲ್ಲಿ ಅವುಗಳ ಸಮೀಪ ಹುಡುಕಾಟ ಬೇಡ. ದಾರಿಯ ಮೇಲೇ ಇರಿ. ದೂರದ ಗುರುತುಗಳು ಕಾಣದಿದ್ದರೆ ಕೋನ ಅಳೆಯುವಂತೆಯೇ ಇಲ್ಲವಾದ್ದರಿಂದ, ಮಂಜು ಬಂದಾಗ ಆಟ ಹೇಗೂ ನಿಂತಿರುತ್ತದೆ.

ಪೆಟ್ಟಿಗೆ ಇಡುವ ವಿಚಾರದಲ್ಲಿ ಮಾತ್ರ ಮಗನಿಗೆ ಸ್ವಲ್ಪ ನಿರಾಸೆ ಮಾಡಬೇಕಾಗುತ್ತದೆ. ಒಮ್ಮೆ ಇಟ್ಟರೆ ಆಗಾಗ ಹೋಗಿ ಒದ್ದೆಯಾದ ಪುಸ್ತಕ ಬದಲಿಸುವುದು, ಮುಚ್ಚಳ ಸರಿಪಡಿಸುವುದು ಇಟ್ಟವರ ಹೊಣೆ; ದೂರದಿಂದ ಒಂದು ದಿನಕ್ಕೆ ಬಂದು ಹೋಗುವವರಿಗೆ ಅದು ಆಗದ ಕೆಲಸ. ಆದರೆ ಹೊರಡುವ ಹಿಂದಿನ ವಾರ ಮನೆಯ ಹಿತ್ತಲಲ್ಲೋ ಹತ್ತಿರದ ಪಾರ್ಕಿನಲ್ಲೋ ಅವನು ಒಂದು ಡಬ್ಬಿಯನ್ನು ಬಚ್ಚಿಟ್ಟು, ಸುಳಿವನ್ನು ಅವನೇ ಹೇಳಿ ಅಕ್ಕನಿಂದ ಬರೆಸಿ, ನಿಮ್ಮಿಂದ ಹುಡುಕಿಸಲಿ. ಡಾರ್ಟ್‌ಮೂರ್‌ನಲ್ಲಿ ದಿಕ್ಸೂಚಿ ಹಿಡಿಯುವ ಮುನ್ನ ನಿಮಗೂ ಅಷ್ಟು ತಾಲೀಮು ಆದಂತಾಗುತ್ತದೆ, ಮತ್ತು ಸಂಜೆ ಆ ಡಬ್ಬಿಯನ್ನು ಅವನೇ ವಾಪಸು ಎತ್ತಿಕೊಂಡು ಬರಬೇಕು.