ನಂಬಿಕೆಯ ಮಾತನ್ನು ನೆರೆಯವರ ಮನಸ್ಸು ನೋಯದಂತೆ ಹೇಳುವುದು ಹೇಗೆ?

ಕಾಳಿದಂಡೆ (ಕಾರವಾರ, ಸದ್ಯ ಶಿರಸಿ) ಕೇಳಿದ್ದು:

ಕಾರವಾರದ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಕೆಲಸದ ನಿಮಿತ್ತ ಮೂರು ವರ್ಷಗಳಿಂದ ಶಿರಸಿಯಲ್ಲಿ ಹವ್ಯಕರೊಬ್ಬರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇನೆ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ನಾನು ಅವರನ್ನು ಅಮ್ಮ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಚೌತಿಗೆ ಮೊದಲಿನ ಚಕ್ಕುಲಿ ಕಂಬಳದಲ್ಲಿ ನನ್ನ ಪಾಲಿನ ಡಬ್ಬಿಯೂ ತುಂಬುತ್ತದೆ. ಕ್ರಿಸ್‌ಮಸ್ಸಿಗೆ ನಾನು ಊರಿನಿಂದ ತರುವ ಕುಸ್ವಾರದಲ್ಲಿ ಮೊಟ್ಟೆ ಸೋಂಕದ ತಿಂಡಿಗಳನ್ನು ಬೇರೆ ಮಾಡಿ ಅವರಿಗೆ ಕೊಡುತ್ತೇನೆ.

ಕಳೆದ ತಿಂಗಳು ನನ್ನ ದೊಡ್ಡಪ್ಪನ ಮಗ ಬಂದಿದ್ದ. ಅವನು ಒಂದು ವರ್ಷದಿಂದ ಯಾವುದೋ ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದಾನೆ. ಹೊರಡುವಾಗ ನನಗೆ ತಿಳಿಸದೆ ಅಮ್ಮನ ಕೈಗೆ ಒಂದು ಕರಪತ್ರ ಕೊಟ್ಟು ಹೋದನಂತೆ. ಅದರ ತಲೆಬರಹದಲ್ಲೇ ನರಕದ ಬೆಂಕಿ. ಅಮ್ಮ ಏನೂ ಅನ್ನದೆ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಿಟಕಿಯಲ್ಲಿಟ್ಟರು. ಅಂದಿನಿಂದ ಸಂಜೆಯ ಮಾತುಕತೆ ಕಡಿಮೆಯಾಗಿದೆ. ಅಣ್ಣನಿಗೆ ಫೋನ್ ಮಾಡಿ ಬೈದರೆ, ಯೇಸುಸ್ವಾಮಿಯ ಹೆಸರು ಹೇಳಲು ನಿನಗೆ ನಾಚಿಕೆ ಎಂದು ಅವನೇ ನನಗೆ ಬೈದ. ಆ ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಅಷ್ಟಿಷ್ಟು ನಿಜವೂ ಇದೆ: ನಮ್ಮ ಪೂಜೆ, ಉಪವಾಸಗಳ ಬಗ್ಗೆ ಅಮ್ಮ ಕೇಳಿದಾಗಲೆಲ್ಲ ‘ಅದು ನಮ್ಮ ಪದ್ಧತಿ’ ಎಂದು ಹೇಳಿ ನಾನು ಜಾರಿಕೊಂಡಿದ್ದೇನೆ. ಒತ್ತಾಯವೂ ಆಗದಂತೆ, ಜಾರಿಕೊಂಡಂತೆಯೂ ಆಗದಂತೆ ಮಾತನಾಡುವುದನ್ನು ನೀವೆಲ್ಲ ಹೇಗೆ ಕಲಿತಿರಿ? ಮೊದಲಿಗೆ, ಅಮ್ಮನ ಹತ್ತಿರ ಈಗ ಏನು ಹೇಳಲಿ?

ಅಳಿವೆಯಂಚು (ಹೊನ್ನಾವರ) ಉತ್ತರ:

ಮಗಳೇ, ಮೊದಲು ಕ್ಷಮೆ ಕೇಳು, ವಿವರಣೆ ಕೊಡಬೇಡ. ‘ಅಣ್ಣನ ಮನಸ್ಸು ಒಳ್ಳೆಯದು’ ಎಂದು ಶುರು ಮಾಡಿದರೆ ಕ್ಷಮೆ ಅಲ್ಲಿಗೇ ಮುಗಿಯಿತು.

ನಾನು ನಿವೃತ್ತ ಶಿಕ್ಷಕ. ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಭಾನುವಾರಗಳಂದು ಮಕ್ಕಳಿಗೆ ಜ್ಞಾನೋಪದೇಶವನ್ನು ಬಹಳ ಕಾಲ ಹೇಳಿಕೊಟ್ಟವನು. ವಯಸ್ಸಿನ ಹುಮ್ಮಸ್ಸಿನಲ್ಲಿ ನಾನೂ ನಿನ್ನ ಅಣ್ಣನಂತೆಯೇ ಇದ್ದೆ. ಒಮ್ಮೆ ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದವರ ನಡುವೆ ನಿಂತು, ಯೇಸುಸ್ವಾಮಿ ಮೀನುಗಾರರನ್ನೇ ಆರಿಸಿಕೊಂಡು ‘ನಿಮ್ಮನ್ನು ಮನುಷ್ಯರನ್ನು ಹಿಡಿಯುವವರನ್ನಾಗಿ ಮಾಡುತ್ತೇನೆ’ ಎಂದ ಪ್ರಸಂಗವನ್ನು ಭಕ್ತಿಯಿಂದ ವರ್ಣಿಸಿದೆ. ಅವರಲ್ಲಿ ಹಿರಿಯರೊಬ್ಬರು ಹಗ್ಗ ಬಿಡದೆಯೇ ಹೇಳಿದರು: ‘ಮಾಸ್ತರರೇ, ಬಲೆಗೆ ಬಿದ್ದ ಮೀನಿನ ಗತಿ ಏನಾಗುತ್ತದೆ ಎಂಬುದು ನಮಗೆ ಗೊತ್ತುಂಟು. ಈ ಮಾತನ್ನು ಬೇರೆ ಕೇರಿಯಲ್ಲಿ ಹೇಳಿ.’ ದಡವಿಡೀ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ‘ನಮ್ಮನ್ನು ಆಗಲೇ ಹಿಡಿದಾಗಿದೆ, ಬುಟ್ಟಿಯಲ್ಲಿ ಇನ್ನೂ ಒದ್ದಾಡುತ್ತಿದ್ದೇವೆ’ ಎಂದೆ. ವಿಚಿತ್ರವೆಂದರೆ, ಅನಂತರ ಚಹಾ ಕುಡಿಯುತ್ತ ಅದೇ ಹಿರಿಯರು ‘ನಿಮ್ಮ ಸ್ವಾಮಿ ಬಿರುಗಾಳಿಯಲ್ಲಿ ದೋಣಿಯೊಳಗೆ ನಿದ್ದೆ ಹೋದದ್ದು ನಿಜವೇ?’ ಎಂದು ತಾವಾಗಿ ಕೇಳಿದರು. ಅವರು ಇಗರ್ಜಿಗೆ ಬರಲಿಲ್ಲ, ನಾನು ಕರೆಯಲೂ ಇಲ್ಲ. ಆದರೆ ಅವರಿದ್ದಷ್ಟು ಕಾಲ ಆ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತಿತ್ತು.

ಬೈಬಲಿನ ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ವಿನಯದಿಂದ ಕೊಡಿ ಎಂಬ ಅರ್ಥದ ಮಾತಿದೆ. ‘ಕೇಳುವವರಿಗೆ’ ಎಂಬುದನ್ನು ನಿನ್ನ ಅಣ್ಣ ಓದಲಿಲ್ಲ, ‘ಉತ್ತರ ಕೊಡಿ’ ಎಂಬುದನ್ನು ನೀನು ಓದಲಿಲ್ಲ. 1965ರಲ್ಲಿ ನಮ್ಮ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯೂ ನಂಬಿಕೆಯ ವಿಷಯದಲ್ಲಿ ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತಪಡಿಸಕೂಡದೆಂದು ಸ್ಪಷ್ಟವಾಗಿ ಘೋಷಿಸಿದೆ. ಪೋಪ್ ಫ್ರಾನ್ಸಿಸ್ 2013ರಲ್ಲಿ, ಶುಭಸಂದೇಶ ಸಾರುವವರು ಆಗತಾನೇ ಶವಸಂಸ್ಕಾರದಿಂದ ಬಂದವರಂತೆ ಮುಖ ಮಾಡಿಕೊಂಡಿರಬಾರದೆಂದು ಬರೆದರು. ನಮ್ಮ ಕೆಲವು ಭಾನುವಾರದ ಪ್ರಬೋಧನೆಗಳನ್ನು ಅವರು ಕೇಳಿದ್ದರೋ ಏನೋ.

ಆದರೆ ಒಂದು ಎಚ್ಚರಿಕೆ. ನಗೆಯೂ ಒತ್ತಾಯವಾಗಬಹುದು. ಇನ್ನೊಬ್ಬರ ದೇವರ ಮೇಲೆ ಮಾಡಿದ ತಮಾಷೆ ಆ ಕರಪತ್ರಕ್ಕಿಂತ ಕೆಟ್ಟದ್ದು. ತನ್ನ ಕಣ್ಣಿನ ತೊಲೆಯನ್ನು ಕಾಣದೆ ಇನ್ನೊಬ್ಬರ ಕಣ್ಣಿನ ಕಸ ತೆಗೆಯಹೊರಟವನ ಬಗ್ಗೆ ಯೇಸುಸ್ವಾಮಿ ಹೇಳಿದ ದೃಷ್ಟಾಂತದಲ್ಲಿ ನಗೆಪಾಟಲಿಗೆ ಈಡಾಗುವವನು ಬುದ್ಧಿ ಹೇಳಲು ಬಂದವನೇ ಹೊರತು ಕಣ್ಣಲ್ಲಿ ಕಸ ಬಿದ್ದವನಲ್ಲ.

ಗಂಗಾವಳಿ (ಅಂಕೋಲಾ) ಉತ್ತರ:

ನಾನು ಕ್ರೈಸ್ತನಲ್ಲ, ಸಾರಸ್ವತ. ಮಂಗೇಶ ನಮ್ಮ ಕುಲದೇವರು. 1560ರಲ್ಲಿ ಭಕ್ತರು ಗೋವೆಯ ಕುಶಸ್ಥಳಿಯಿಂದ ಆ ಲಿಂಗವನ್ನು ಹೊತ್ತು, ಪೋರ್ಚುಗೀಸರ ಆಳ್ವಿಕೆಯ ಹೊರಗಿದ್ದ ಪ್ರಿಯೋಳಕ್ಕೆ ಒಯ್ದರು. ಗೋವೆಯಲ್ಲಿ ಇನ್‌ಕ್ವಿಜಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಶುರುವಾದದ್ದೂ ಅದೇ ವರ್ಷ. ಅದು ಶಾಶ್ವತವಾಗಿ ಮುಚ್ಚಿದ್ದು 1812ರಲ್ಲಿ. ಈ ಕಥೆಯನ್ನು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಅದರ ಅರ್ಧವನ್ನು ನಾವೂ ಮರೆಯುತ್ತೇವೆ: ಆ ನ್ಯಾಯಾಲಯದ ಕೋಪಕ್ಕೆ ಹೆಚ್ಚಾಗಿ ಗುರಿಯಾದವರು, ಮತಾಂತರವಾದ ಮೇಲೂ ಹಳೆಯ ಆಚಾರಗಳನ್ನು ಬಿಡದಿದ್ದ ಕ್ರೈಸ್ತರೇ. 1684ರಲ್ಲಿ ಕೊಂಕಣಿಯನ್ನೇ ಬಿಡಬೇಕೆಂಬ ಆಜ್ಞೆಯೂ ಹೊರಟಿತು. ಅಂಥ ಕ್ರೈಸ್ತರೂ ದಕ್ಷಿಣಕ್ಕೆ ಬಂದರು. ಹೀಗೆ ಒಂದೇ ಕಾಟದಿಂದ ತಪ್ಪಿಸಿಕೊಂಡು ಬಂದವರ ಎರಡೂ ಕಡೆಯ ಮೊಮ್ಮಕ್ಕಳು ಇಂದು ನಮ್ಮ ಮೀನುಪೇಟೆಯಲ್ಲಿ ಒಂದೇ ಕೊಂಕಣಿಯಲ್ಲಿ ಬಂಗಡೆಯ ದರಕ್ಕಾಗಿ ಜಗಳವಾಡುತ್ತಾರೆ.

ಅದೇ ಗೋವೆಗೆ 1579ರಲ್ಲಿ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಮಾತ್ರ ಇಲ್ಲಿಯ ಭಾಷೆಗಳನ್ನು ಕಲಿತು, ಇಲ್ಲಿಯದೇ ಓವಿ ಛಂದಸ್ಸಿನ ಲಯದಲ್ಲಿ ಕ್ರಿಸ್ತಪುರಾಣ ಬರೆದ; ಅದು 1616ರಲ್ಲಿ ಅಚ್ಚಾಯಿತು. ಆತನ ಬೆನ್ನ ಹಿಂದೆಯೂ ಪೋರ್ಚುಗೀಸರ ಕತ್ತಿ ಇತ್ತೆಂಬುದನ್ನು ನಾನು ಮರೆತಿಲ್ಲ. ಆದರೂ ಆತನ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಹವ್ಯಕರ ಇತಿಹಾಸ ಬೇರೆ. ಆದರೂ ಈ ಜಿಲ್ಲೆಯಲ್ಲಿ ನರಕದ ಹೆಸರಿನ ಕರಪತ್ರವನ್ನು ಯಾರ ಕೈಗಿತ್ತರೂ ಅದು ಕೇವಲ ಕಾಗದವಾಗಿ ಉಳಿಯುವುದಿಲ್ಲ ಎಂಬುದನ್ನು ನಿಮ್ಮ ಅಣ್ಣನಿಗೆ ತಿಳಿಸಿ.

ಅಚ್ಚುಮೊಳೆ (ಕುಮಟಾ) ಉತ್ತರ:

ನಾನು ಪ್ರಾಟೆಸ್ಟಂಟ್. ಮೇಲಿನ ಇಬ್ಬರನ್ನೂ ಒಪ್ಪುತ್ತಲೇ ಸ್ವಲ್ಪ ತಕರಾರು ಎತ್ತುತ್ತೇನೆ. ಕರಪತ್ರ ಕತ್ತಿಯಲ್ಲ, ಓದಬಹುದು, ಹರಿದು ಎಸೆಯಬಹುದು. ಸಂವಿಧಾನದ 25ನೆಯ ವಿಧಿ ಧರ್ಮಪ್ರಸಾರದ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದ ಮೇಲೂ, ತಾನು ನಂಬಿದ್ದನ್ನು ಹೇಳುವ ಹಕ್ಕು ಉಳಿದೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಸುವಾರ್ತೆಯ ಹುರುಪಿಲ್ಲದೆ ಸುಮ್ಮನೆ ಊರಲ್ಲೇ ಕುಳಿತಿದ್ದರೆ 1843ರ ‘ಮಂಗಳೂರ ಸಮಾಚಾರ’ವೂ ಇಲ್ಲ, 1894ರ ಕಿಟೆಲ್ ನಿಘಂಟೂ ಇಲ್ಲ. ಕಿಟೆಲ್ ಎಷ್ಟು ಮಂದಿಯನ್ನು ಕ್ರೈಸ್ತರನ್ನಾಗಿಸಿದರೆಂದು ಇಂದು ಯಾರೂ ಲೆಕ್ಕ ಕೇಳುವುದಿಲ್ಲ; ಪದದ ಅರ್ಥ ಬೇಕಾದಾಗ ವೈದಿಕರೂ ಅವರ ನಿಘಂಟನ್ನೇ ತೆರೆಯುತ್ತಾರೆ.

ಆದರೂ ನಿಮ್ಮ ಅಣ್ಣನಿಗೆ ಬೈಬಲಿನ ಯೋನನ ಪುಸ್ತಕವನ್ನು ಓದಲು ಕೊಡಿ, ನಾಲ್ಕೇ ಅಧ್ಯಾಯ. ‘ನಿನೆವೆ ಹಾಳಾಗುವುದು’ ಎಂದು ಸಾರಿದ ಪ್ರವಾದಿ, ಊರಿನವರು ಪಶ್ಚಾತ್ತಾಪಪಟ್ಟು ಉಳಿದುಕೊಂಡರಲ್ಲಾ ಎಂದು ಸಿಟ್ಟಾಗಿ ಊರ ಹೊರಗೆ ಹೋಗಿ ಕುಳಿತ. ನರಕದ ಕರಪತ್ರ ಹಂಚುವವರು ಕನ್ನಡಿಯ ಬದಲು ಇಟ್ಟುಕೊಳ್ಳಬೇಕಾದ ಪುಸ್ತಕ ಅದು.

ಅಳಿವೆಯಂಚು (ಹೊನ್ನಾವರ) ಮತ್ತೆ:

ಕುಮಟೆಯವರ ಮಾತು ಸರಿ. ನನ್ನ ಆಕ್ಷೇಪ ಕಾಗದದ ಮೇಲಲ್ಲ, ಕೊಟ್ಟು ಬಸ್ಸು ಹತ್ತಿದ್ದರ ಮೇಲೆ. ಆ ಅಮ್ಮನಿಗೆ ತಿರುಗಿ ಏನಾದರೂ ಅನ್ನಬೇಕೆನ್ನಿಸಿದ್ದರೆ ಯಾರಿಗೆ ಅನ್ನಬೇಕಿತ್ತು?

ಕಾಳಿದಂಡೆ (ಕಾರವಾರ, ಸದ್ಯ ಶಿರಸಿ) ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಹೋಗಿ ಕುಳಿತು, ಆ ಕಾಗದದಿಂದ ನಿಮಗೆ ನೋವಾಗಿದೆ, ತಪ್ಪಾಯಿತು ಎಂದಷ್ಟೇ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ನರಕಕ್ಕೆ ಹೋಗೋದೇ ಆದ್ರೆ ಅಡಿಕೆ ಕೆಲಸ ಮುಗಿದ್ಮೇಲೆ ಹೋಗ್ತೇನೆ, ಈಗ ಪುರಸೊತ್ತಿಲ್ಲ ಅಂತ ನಿನ್ನ ಅಣ್ಣಂಗೆ ಹೇಳು ತಂಗಿ’ ಎಂದರು. ನಾನು ನಕ್ಕೆ, ನಗುತ್ತ ಸ್ವಲ್ಪ ಅತ್ತೆ ಕೂಡ.

ಆಮೇಲೆ ನನ್ನ ಕಿಟಕಿಯಲ್ಲಿ ತೂಗುವ ಜಪಸರದಲ್ಲಿ ಎಷ್ಟು ಮಣಿಗಳಿವೆ ಎಂದು ಅವರೇ ಕೇಳಿದರು. ಈ ಸಲ ‘ಅದು ನಮ್ಮ ಪದ್ಧತಿ’ ಎನ್ನಲಿಲ್ಲ. 59 ಮಣಿಗಳೆಂದೂ, ಐದು ಹತ್ತುಗಳನ್ನು ಹೇಗೆ ಎಣಿಸುತ್ತೇವೆಂದೂ, ಪ್ರತಿ ಹತ್ತಕ್ಕೆ ಯೇಸುಸ್ವಾಮಿಯ ಬದುಕಿನ ಒಂದು ಪ್ರಸಂಗವನ್ನು ನೆನೆಯುತ್ತೇವೆಂದೂ, ರಾತ್ರಿ ನಾನು ಮೂರನೆಯ ಹತ್ತಿಗೇ ನಿದ್ದೆ ಹೋಗುತ್ತೇನೆಂದೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ‘ನಮ್ಮದರಲ್ಲಿ 108’ ಎಂದರು. ‘ನಿಮ್ಮ ದೇವರಿಗೆ ಕಿವಿ ಚುರುಕು ಅಂತಾಯ್ತು.’