‘ಹೋಪ್‌ಫುಲಿ’ ತಪ್ಪಾ?

ದೊಡ್ಡಪ್ಪ: (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ಚಿತ್ರ) “ಓದಿದವರೂ ಮಾಡುವ ತಪ್ಪು: ‘ಹೋಪ್‌ಫುಲಿ, ಇಟ್ ವಿಲ್ ರೈನ್’. ಮಳೆಗೆ ಆಸೆ ಇರುತ್ತದೆಯೇ?” ಮಕ್ಕಳು ತಪ್ಪದೆ ಓದಬೇಕು.

ನಾನು: ದೊಡ್ಡಪ್ಪ, ಇದನ್ನು ಮಕ್ಕಳಿಗೆ ಕೊಡೋದು ಬೇಡ. ಆ ವಾಕ್ಯ ಸರಿಯಾಗೇ ಇದೆ.

ದೊಡ್ಡಪ್ಪ: ಹೇಗಮ್ಮಾ? ಆಡ್ವರ್ಬ್ ಅಂದರೆ ಕ್ರಿಯಾವಿಶೇಷಣ. ಕೆಲಸ ಹೇಗೆ ನಡೆಯಿತು ಅಂತ ಹೇಳಬೇಕು. ‘ಶಿ ವೇಟೆಡ್ ಹೋಪ್‌ಫುಲಿ’, ಆಸೆಯಿಂದ ಕಾದಳು. ಅದು ಸರಿ. ಮಳೆ ಆಸೆಯಿಂದ ಸುರಿಯುತ್ತದಾ?

ನಾನು: ‘ಫಾರ್ಚುನೇಟ್ಲಿ, ಇಟ್ ರೈನ್ಡ್’ ಅಂದಾಗ ಅದೃಷ್ಟ ಮಳೆಯದಾ, ನಮ್ಮದಾ? ಕೆಲವು ಆಡ್ವರ್ಬ್‌ಗಳು ಕ್ರಿಯಾಪದಕ್ಕೆ ಅಂಟಿಕೊಳ್ಳುವುದಿಲ್ಲ. ಇಡೀ ವಾಕ್ಯದ ಬಗ್ಗೆ ಹೇಳುವವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಸುತ್ತವೆ. ಅದಕ್ಕೆ ಸೆಂಟೆನ್ಸ್ ಆಡ್ವರ್ಬ್ ಅಂತಲೇ ಹೆಸರಿದೆ.

ರವಿ ಮಾವ: ತಡಿ ತಡಿ. ಫಾರ್ಚುನೇಟ್ಲಿಯನ್ನು ‘ಇಟ್ ಈಸ್ ಫಾರ್ಚುನೇಟ್ ದಟ್’ ಅಂತ ಬಿಡಿಸಬಹುದು. ‘ಇಟ್ ಈಸ್ ಹೋಪ್‌ಫುಲ್ ದಟ್’ ಅಂತ ಯಾರಾದರೂ ಹೇಳ್ತಾರಾ?

ನಾನು: ಹೇಳಲ್ಲ ಮಾವ. ಆದರೆ ‘ಫ್ರಾಂಕ್ಲಿ, ಐ ಡೋಂಟ್ ನೋ’ ಅನ್ನೋದನ್ನೂ ‘ಇಟ್ ಈಸ್ ಫ್ರಾಂಕ್ ದಟ್’ ಅಂತ ಬಿಡಿಸಕ್ಕಾಗಲ್ಲ. ಅದನ್ನು ನೀವೇ ದಿನಾ ಬಳಸ್ತೀರಿ, ಅಲ್ವಾ? ಹೋಪ್‌ಫುಲಿ ಮೇಲೆ ಮಾತ್ರ ಯಾಕೆ ಸಿಟ್ಟು? ಅಮೆರಿಕದಲ್ಲಿ 1960ರ ದಶಕದಲ್ಲಿ ಈ ಬಳಕೆ ಜಾಸ್ತಿಯಾಯಿತು, ಆಗಲೇ ಬೈಗುಳವೂ ಶುರುವಾಯಿತು. ಕೊನೆಗೆ 2012ರಲ್ಲಿ ಅಲ್ಲಿನ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವರೂ ತಮ್ಮ ಸ್ಟೈಲ್‌ಬುಕ್‌ನಲ್ಲಿ, ಅಂದರೆ ಬರವಣಿಗೆಯ ನಿಯಮಗಳ ಪುಸ್ತಕದಲ್ಲಿ, ಇದನ್ನು ಒಪ್ಪಿಕೊಂಡರು.

ದೊಡ್ಡಪ್ಪ: ಸುದ್ದಿ ಬರೆಯುವವರು ಒಪ್ಪಿದ ಕೂಡಲೇ ಸರಿ ಆಗಿಬಿಡುತ್ತದಾ? ನಮ್ಮ ಮೇಷ್ಟ್ರು ಇದಕ್ಕೆ ಅಂಕ ಕಳೆಯುತ್ತಿದ್ದರು.

ಚಿಕ್ಕಮ್ಮ: ಈಗಲೂ ಕಳೆಯುವವರಿದ್ದಾರೆ ಭಾವ. ಸುಮ್ನೆ ‘ಐ ಹೋಪ್’ ಅಂತ ಬರೆದರಾಯ್ತು. ಆಸೆ ಯಾರದು ಅಂತಲೂ ಗೊತ್ತಾಗುತ್ತೆ.

ನಾನು: ಅದು ನಿಜ ಚಿಕ್ಕಮ್ಮ. ‘ಹೋಪ್‌ಫುಲಿ, ದಿ ಫೀಸ್ ವಿಲ್ ಬಿ ರಿಡ್ಯೂಸ್ಡ್’ ಅಂತ ಒಂದು ನೋಟಿಸ್ ಬಂದರೆ, ಫೀಸು ಕಡಿಮೆಯಾಗಲಿ ಅಂತ ಆಸೆಪಡುತ್ತಿರುವವರು ಕಟ್ಟುವವರಾ, ವಸೂಲಿ ಮಾಡುವವರಾ? ಅಂಥ ಕಡೆ ‘ವಿ ಹೋಪ್’ ಅಂತಲೇ ಬರೆಯಬೇಕು. ಆದರೆ ಅದು ಸ್ಪಷ್ಟತೆಯ ಮಾತು, ವ್ಯಾಕರಣದ ತಪ್ಪಲ್ಲ. ಮಕ್ಕಳಿಗೆ ಪದ ಎಲ್ಲಿ ಕೂರಬೇಕು ಅಂತ ಹೇಳಿಕೊಡೋಣ. ‘ಹೋಪ್‌ಫುಲಿ, ಶಿ ವಿಲ್ ವೇಟ್’: ಅವಳು ಕಾಯಲಿ ಅನ್ನೋ ಆಸೆ ನನ್ನದು. ‘ಶಿ ವಿಲ್ ವೇಟ್ ಹೋಪ್‌ಫುಲಿ’: ಆಸೆ ಅವಳದು.

ರವಿ ಮಾವ: ಇದು ಚೆನ್ನಾಗಿದೆ. ಕಾಮಾ ಬಿಟ್ಟರೆ?

ನಾನು: ಮೊದಲಲ್ಲಿದ್ದರೆ ಬಿಡಬೇಡಿ ಮಾವ. ಓದುವವರು ಎಲ್ಲಿ ನಿಲ್ಲಬೇಕು ಅಂತ ಅದೇ ಹೇಳುತ್ತದೆ.

ದೊಡ್ಡಪ್ಪ: ನಾನಂತೂ ‘ಐ ಹೋಪ್’ ಅಂತಲೇ ಬರೆಯೋದು. ಆ ಎರಡು ವಾಕ್ಯ ಮಾತ್ರ ಮಕ್ಕಳ ಗುಂಪಿಗೂ ಹಾಕು.