ಮಗಳನ್ನು ಸೇರಿಸುವ ಮೊದಲು ವುಡರ್ಡ್ ಪಾದ್ರಿಯ ಕಥೆ ತಿಳಿದಿರಲಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಕ್ರಾಲಿಗೆ ಹೊಸದಾಗಿ ಬಂದ ದಂಪತಿ ಲ್ಯಾನ್ಸಿಂಗ್, ಹರ್ಸ್ಟ್‌ಪಿಯರ್‌ಪಾಯಿಂಟ್, ಆರ್ಡಿಂಗ್ಲಿ ಎಂಬ ಇಲ್ಲಿನ ಖಾಸಗಿ ಶಾಲೆಗಳ ಬಗ್ಗೆ ಕೇಳಿದ್ದರು. ಎಲ್ಲದರಲ್ಲೂ ವುಡರ್ಡ್ ಅನ್ನೋ ಹೆಸರು ಬರುತ್ತಲ್ಲ, ಯಾರದು, ಚರ್ಚ್ ಶಾಲೆ ನಮ್ಮ ಮಗಳಿಗೆ ಸರಿಹೋಗುತ್ತಾ ಅಂತ. ಆ ಮೂರೂ ಶಾಲೆಗಳನ್ನು ಕಟ್ಟಿದ ಪಾದ್ರಿ ಅವರು. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ, ಯಾಕಂದ್ರೆ ಈ ಮನುಷ್ಯನ ಬಗ್ಗೆ ನನಗೆ ಗೌರವವೂ ಇದೆ, ತಕರಾರೂ ಇದೆ.

ನಥಾನಿಯಲ್ ವುಡರ್ಡ್ ಹುಟ್ಟಿದ್ದು 1811ರಲ್ಲಿ, ಎಸೆಕ್ಸ್‌ನಲ್ಲಿ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ದೊಡ್ಡ ಹೆಸರಿನ ಯಾವ ಶಾಲೆಗೂ ಹೋಗದೆ ಮನೆಯಲ್ಲೇ ಕಲಿತರು. ಆಕ್ಸ್‌ಫರ್ಡ್‌ಗೆ ಸೇರಿದ ಮೇಲೆ ಮದುವೆಯೂ ಆಯಿತು, ಪದವಿ ಕೈಗೆ ಬರುವಷ್ಟರಲ್ಲಿ 1840. ಮುಂದಿನ ವರ್ಷ ಚರ್ಚ್ ಆಫ್ ಇಂಗ್ಲೆಂಡ್‌ನ ಪಾದ್ರಿಯಾಗಿ ಲಂಡನ್ನಿನ ಬಡ ಬಡಾವಣೆ ಬೆತ್ನಲ್ ಗ್ರೀನ್‌ಗೆ ಹೋದರು. ಅಲ್ಲಿ ಪಾಪನಿವೇದನೆ ಕುರಿತು ಮಾಡಿದ ಒಂದು ಪ್ರವಚನ ಬಿಷಪ್ಪರಿಗೆ ಹಿಡಿಸಲಿಲ್ಲ. ಆ ಚರ್ಚು ಬಿಡಬೇಕಾಯಿತು.

ಆಮೇಲೆ ಬಂದದ್ದು ನಮ್ಮ ಸಸೆಕ್ಸ್ ಕಡಲತೀರದ ಶೋರಮ್‌ಗೆ. ಬಂದರಿನ ಊರು. ಬಡವರ ಮಕ್ಕಳಿಗೆ ಚರ್ಚಿನವರು ಒಂದಿಷ್ಟು ಶಾಲೆ ನಡೆಸುತ್ತಿದ್ದರು. ಶ್ರೀಮಂತರಿಗೆ ಅವರದೇ ಶಾಲೆಗಳಿದ್ದವು. ಹಡಗಿನ ಕ್ಯಾಪ್ಟನ್, ಅಂಗಡಿಯವರು, ಸಣ್ಣ ರೈತರು ಮಾತ್ರ ಅತ್ತ ಇಲ್ಲ, ಇತ್ತ ಇಲ್ಲ. ಅವರ ಮಕ್ಕಳನ್ನು ಕೇಳುವವರೇ ಇರಲಿಲ್ಲ. ವುಡರ್ಡ್ ಕಣ್ಣಿಗೆ ಬಿದ್ದದ್ದು ಇದು. 1847ರಲ್ಲಿ ತಮ್ಮ ಪಾದ್ರಿಮನೆಯ ಊಟದ ಕೋಣೆಯಲ್ಲೇ ಪಾಠ ಶುರುಮಾಡಿಸಿದರು. ಮರುವರ್ಷ ಮಧ್ಯಮ ವರ್ಗದ ಪರವಾಗಿ ಒಂದು ಕಿರುಹೊತ್ತಗೆ ಬರೆದು ಹಂಚಿ, ಹಣವಂತರ ಬಾಗಿಲು ತಟ್ಟತೊಡಗಿದರು. ಮಠದವರು ಊರೂರು ಸುತ್ತಿ ದಾನ ಎತ್ತಿ ಶಾಲೆ, ಹಾಸ್ಟೆಲ್ ಕಟ್ಟಿದ್ದನ್ನು ನೋಡಿ ಬೆಳೆದ ನಮಗೆ ಈ ಹಟ ಚೆನ್ನಾಗಿ ಅರ್ಥವಾಗುತ್ತೆ.

ಬ್ರೈಟನ್‌ನಿಂದ ವರ್ದಿಂಗ್ ಕಡೆ ರೈಲಿನಲ್ಲಿ ಹೋಗುವಾಗ, ಶೋರಮ್ ದಾಟಿ ಅಡರ್ ನದಿಯ ಸೇತುವೆ ಮೇಲೆ ಬಂದಾಗ ಬಲಗಡೆ ನೋಡಿ. ಗುಡ್ಡದ ಮೇಲೆ ಕ್ಯಾಥೆಡ್ರಲ್‌ನಂಥ ಕಟ್ಟಡ ಕಾಣುತ್ತೆ. ಅದೇ ಲ್ಯಾನ್ಸಿಂಗ್ ಶಾಲೆಯ ಚಾಪೆಲ್, ಅಂದರೆ ಶಾಲೆಯದೇ ಚರ್ಚು. 1868ರಲ್ಲಿ ಅಡಿಗಲ್ಲು ಹಾಕಿದರು. ತಾವು ಹೋದಮೇಲೆ ಯಾರಾದರೂ ಖರ್ಚು ಉಳಿಸಲು ಎತ್ತರ ತಗ್ಗಿಸಿಬಿಟ್ಟಾರು ಅಂತ, ಒಂದು ತುದಿಯನ್ನು ಮೊದಲೇ ಪೂರ್ತಿ ಎತ್ತರಕ್ಕೆ ಕಟ್ಟಿಸಿದರು! ಅವರು ತೀರಿಕೊಂಡದ್ದು 1891ರಲ್ಲಿ, ಚಾಪೆಲ್ ಪ್ರತಿಷ್ಠೆಯಾದದ್ದು 1911ರಲ್ಲಿ.

ಇನ್ನು ತಕರಾರು. ಮೂರೂ ಶಾಲೆಗಳನ್ನು ಅವರು ಅಪ್ಪನ ಅಂತಸ್ತು ನೋಡಿ ಬೇರೆ ಬೇರೆ ಮಾಡಿದ್ದರು. ಲ್ಯಾನ್ಸಿಂಗ್ ಪಾದ್ರಿಗಳ, ದೊಡ್ಡ ಮನೆತನದವರ ಮಕ್ಕಳಿಗೆ. ಹರ್ಸ್ಟ್‌ಪಿಯರ್‌ಪಾಯಿಂಟ್ ಅನುಕೂಲಸ್ಥ ವ್ಯಾಪಾರಿ, ರೈತರ ಮಕ್ಕಳಿಗೆ. ಆರ್ಡಿಂಗ್ಲಿ ಸಣ್ಣ ಅಂಗಡಿಯವರು, ಗುಮಾಸ್ತರ ಮಕ್ಕಳಿಗೆ. ಫೀಸೂ ಹಾಗೇ. ಆ ಕಾಲವೇ ಹಾಗಿತ್ತು ಅಂತ ಸಮಾಧಾನ ಹೇಳಬಹುದು, ಆದರೆ ನನಗೆ ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳ ಶಾಲೆ ಬಗ್ಗೆಯೂ ಅವರಿಗೆ ಅಷ್ಟು ಉತ್ಸಾಹವಿರಲಿಲ್ಲ. 1874ರಲ್ಲಿ ಸ್ಟಾಫರ್ಡ್‌ಶೈರಿನ ಅಬಟ್ಸ್ ಬ್ರಾಮ್ಲಿ ಊರಲ್ಲಿ ಹುಡುಗಿಯರ ಶಾಲೆ ಆಗಿದ್ದು ಅವರ ಸಹೋದ್ಯೋಗಿ ಎಡ್ವರ್ಡ್ ಲೋ ಪಟ್ಟು ಹಿಡಿದಿದ್ದರಿಂದ. ಹೆಣ್ಣುಮಗಳ ತಾಯಿಯಾಗಿ ನಾನು ಲೋ ಅವರನ್ನೇ ಜಾಸ್ತಿ ನೆನೆಯುತ್ತೇನೆ. ಈಗ ಸಸೆಕ್ಸಿನ ಆ ಮೂರೂ ಶಾಲೆಗಳಲ್ಲಿ ಹುಡುಗಿಯರಿದ್ದಾರೆ.

ಇವತ್ತು ಅಲ್ಲಿನ ಫೀಸು ಸಣ್ಣ ಅಂಗಡಿಯವರ ಕೈಗೆ ಎಟುಕುವಂಥದ್ದಲ್ಲ, ನಮ್ಮಂಥ ಸಂಬಳದವರಿಗೂ ಕಷ್ಟವೇ. 2025ರ ಜನವರಿಯಿಂದ ಶೇ. 20ರಷ್ಟು ವ್ಯಾಟ್ ಬೇರೆ ಸೇರಿದೆ. ಆದರೆ ಲ್ಯಾನ್ಸಿಂಗ್ ಊರಲ್ಲೇ 2009ರಲ್ಲಿ ಸರ್ ರಾಬರ್ಟ್ ವುಡರ್ಡ್ ಅಕಾಡೆಮಿ ಶುರುವಾಯಿತು. ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆ, ಫೀಸಿಲ್ಲ. ಆ ಕಡೆ ಮನೆ ಮಾಡುವ ಯೋಚನೆಯಿದ್ದರೆ ಅದನ್ನೂ ನೋಡಿ.

ಧರ್ಮದ ವಿಚಾರ. ವುಡರ್ಡ್ ಅವರಿಗೆ ಪಾಠ ಬೇರೆ, ಪ್ರಾರ್ಥನೆ ಬೇರೆ ಆಗಿರಲಿಲ್ಲ. ಸರ್ಕಾರಿ ಶಾಲೆಯಾದರೆ ಮಗುವನ್ನು ಪ್ರಾರ್ಥನೆಯಿಂದ ಹೊರಗಿಡಿ ಅಂತ ಕೇಳುವ ಹಕ್ಕು ತಂದೆತಾಯಿಗೆ ಕಾನೂನಲ್ಲೇ ಇದೆ. ಖಾಸಗಿ ಶಾಲೆಯಲ್ಲಿ ಅದು ಆಯಾ ಶಾಲೆಯ ನಿಯಮಕ್ಕೆ ಬಿಟ್ಟದ್ದು. ಹಾಗಾಗಿ ಓಪನ್ ಡೇಗೆ (ಶಾಲೆ ನೋಡಲು ಪೋಷಕರನ್ನು ಕರೆಯುವ ದಿನ) ಹೋದಾಗ ಚಾಪೆಲ್ ಪ್ರಾರ್ಥನೆ ವಾರಕ್ಕೆ ಎಷ್ಟು ಸಲ, ಕಡ್ಡಾಯವಾ, ಬೇರೆ ಧರ್ಮದ ಮಕ್ಕಳು ಆಗ ಏನು ಮಾಡುತ್ತಾರೆ, ಮೂರನ್ನೂ ನೇರವಾಗಿ ಕೇಳಿ. ಸಂಕೋಚ ಬೇಡ. ನಮ್ಮ ಗುಂಪಿನಲ್ಲಿ ಈ ಶಾಲೆಗಳಿಗೆ ಮಕ್ಕಳನ್ನು ಕಳಿಸುತ್ತಿರುವವರಿದ್ದರೆ ದಯವಿಟ್ಟು ಆ ದಂಪತಿಗೆ ಉತ್ತರ ಬರೆಯಿರಿ.